ಕುಕ್ಕಾ, ಕುಕ್ಕರ್ರಾ, ಕುಕಿಂಗಾ? ಅಡುಗೆ ಆಸಕ್ತಿಗೆ ಇಂಗ್ಲಿಷ್‌ನಲ್ಲಿ ಯಾವ ಪದ ಎಲ್ಲಿ ಬಳಸಬೇಕು

ಬಯೋಡೇಟಾದ ‘ಹಾಬೀಸ್’ ಸಾಲಿನಿಂದ ಹಿಡಿದು ಹೋಟೆಲ್ ಬೋರ್ಡ್, ಗೂಗಲ್ ಮ್ಯಾಪ್, ಗಲ್ಫ್ ಕೆಲಸದ ಕರಾರು ಪತ್ರದವರೆಗೆ ಒಂದು ಪದ ತಪ್ಪಿದರೆ ಏನಾಗುತ್ತೆ? ಇಲ್ಲಿದೆ ಪೂರ್ತಿ ವಿವರ

ದಾವಣಗೆರೆ: ಪರೀಕ್ಷೆ ಫಲಿತಾಂಶ ಬಂತೆಂದರೆ ಜಿಲ್ಲೆಯ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ಗಳಲ್ಲಿ ಬಯೋಡೇಟಾ ಸೀಸನ್ ಶುರು. ಹೆಸರು, ತಂದೆ ಹೆಸರು, ಓದು, ಅಂಕ ಎಲ್ಲ ಸಲೀಸಾಗಿ ಟೈಪ್ ಆಗುತ್ತೆ. ‘ಹಾಬೀಸ್’ ಅನ್ನೋ ಸಾಲಿಗೆ ಬಂದಾಗ ಕೈ ನಿಲ್ಲುತ್ತೆ. ಅಡುಗೆ ಮಾಡೋದು ಇಷ್ಟ ಅಂತ ಬರೆಯಬೇಕು. ಆದರೆ ಏನಂತ? ‘ಕುಕ್’ ಅಂತಲೇ, ‘ಕುಕ್ಕರ್’ ಅಂತಲೇ, ‘ಕುಕಿಂಗ್’ ಅಂತಲೇ? ಪೇಟೆಯಲ್ಲಿ ಓದುವ ತಮ್ಮ ‘ಕಲಿನರಿ’ ಅಂತ ಹಾಕು ಚೆನ್ನಾಗಿರುತ್ತೆ ಅಂತಾನೆ, ಪಕ್ಕದವರು ‘ಫುಡಿ’ ಅಂತ ಹಾಕಿ ಈಗ ಅದೇ ಟ್ರೆಂಡು ಅಂತಾರೆ.

ಇದು ಬರೀ ವಿದ್ಯಾರ್ಥಿಗಳ ತಲೆಬಿಸಿ ಅಲ್ಲ. ಹೊಸದಾಗಿ ತಿಂಡಿ ಅಂಗಡಿ ಹಾಕುವವರು, ಮದುವೆ ಮನೆಗೆ ಅಡುಗೆ ಒಪ್ಪಿಕೊಳ್ಳುವವರು, ಮನೆಯಲ್ಲೇ ಚಟ್ನಿಪುಡಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರು, ದುಬೈಗೆ ಅಡುಗೆ ಕೆಲಸಕ್ಕೆ ಹೊರಟವರು, ಎಲ್ಲರಿಗೂ ಈ ಪದಗಳು ಎದುರಾಗುತ್ತವೆ. ಕೆಲವು ಕಡೆ ತಪ್ಪಾದರೆ ಯಾರೋ ನಕ್ಕು ಸುಮ್ಮನಾಗುತ್ತಾರೆ. ಕೆಲವು ಕಡೆ ಮಾತ್ರ ತಪ್ಪು ಪದದಿಂದ ಗಿರಾಕಿ ಹೋಗುತ್ತಾರೆ, ಇಲ್ಲವೇ ಸಂಬಳಕ್ಕೇ ಪೆಟ್ಟು ಬೀಳುತ್ತೆ.

ಗೊಂದಲ ಎಲ್ಲಿಂದ ಬರುತ್ತೆ?

ಕನ್ನಡದಲ್ಲಿ ‘ಅಡುಗೆ’ ಅನ್ನೋ ಒಂದೇ ಪದ ಎಷ್ಟೋ ಕೆಲಸ ಮಾಡುತ್ತೆ. ‘ಅಡುಗೆ ಮಾಡ್ತಿದೀನಿ’ ಅಂದರೆ ಕೆಲಸ. ‘ಅಡುಗೆ ಆಯ್ತಾ?’ ಅಂದರೆ ತಯಾರಾದ ಊಟ. ‘ಅಡುಗೆ ಕಲಿತವಳು’ ಅಂದರೆ ವಿದ್ಯೆ. ‘ಮಲೆನಾಡಿನ ಅಡುಗೆ’ ಅಂದರೆ ಒಂದು ಸೀಮೆಯ ಪದ್ಧತಿ. ಮುಂದೆ ‘ಯವರು’ ಸೇರಿಸಿದರೆ ಮಾಡುವ ಮನುಷ್ಯ, ‘ಮನೆ’ ಸೇರಿಸಿದರೆ ಮಾಡುವ ಜಾಗ.

ಇಂಗ್ಲಿಷ್‌ನಲ್ಲಿ ಈ ಒಂದೊಂದಕ್ಕೂ ಬೇರೆ ಬೇರೆ ನಾಮಪದ. ಕೆಲಸಕ್ಕೆ ‘ಕುಕಿಂಗ್’, ಊಟಕ್ಕೆ ‘ಫುಡ್’, ಸೀಮೆಯ ಪದ್ಧತಿಗೆ ‘ಕ್ವಿಸೀನ್’, ಮನುಷ್ಯನಿಗೆ ‘ಕುಕ್’, ಜಾಗಕ್ಕೆ ‘ಕಿಚನ್’, ಮಾಡುವ ವಿಧಾನ ಬರೆದಿಟ್ಟ ಚೀಟಿಗೆ ‘ರೆಸಿಪಿ’, ತಟ್ಟೆಯಲ್ಲಿ ಬರುವ ಒಂದೊಂದು ಬಗೆಗೆ ‘ಡಿಶ್’.

ಹಾಗಾಗಿ ಇಂಗ್ಲಿಷ್‌ನಲ್ಲಿ ಬರೆಯುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಹೇಳ್ತಿರೋದು ಕೆಲಸದ ಬಗ್ಗೆಯಾ, ಮಾಡುವವರ ಬಗ್ಗೆಯಾ, ತಿನ್ನುವವರ ಬಗ್ಗೆಯಾ, ಪದ್ಧತಿ ಬಗ್ಗೆಯಾ, ಇಲ್ಲಾ ವ್ಯಾಪಾರದ ಬಗ್ಗೆಯಾ? ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗೀತು.

‘ಐ ಆಮ್ ಎ ಗುಡ್ ಕುಕ್ಕರ್’: ಯಾಕೆ ತಪ್ಪು?

ಡ್ರೈವ್ ಮಾಡುವವರು ಡ್ರೈವರ್, ಟೀಚ್ ಮಾಡುವವರು ಟೀಚರ್, ಬೇಕ್ ಮಾಡುವವರು ಬೇಕರ್. ಹಾಗಾದರೆ ಕುಕ್ ಮಾಡುವವರು ಕುಕ್ಕರ್ ಆಗಬೇಕಲ್ಲ? ಲೆಕ್ಕ ಸರಿಯಾಗೇ ಇದೆ. ಆದರೆ ಇಂಗ್ಲಿಷ್ ಇಲ್ಲಿ ಈ ಲೆಕ್ಕ ಪಾಲಿಸಲ್ಲ.

ಕಾರಣ ಇಷ್ಟೇ. ಬೇರೆ ಪದಗಳಲ್ಲಿ ಕ್ರಿಯಾಪದ ಮೊದಲು, ಮನುಷ್ಯನ ಹೆಸರು ಆಮೇಲೆ. ‘ಕುಕ್’ ವಿಷಯದಲ್ಲಿ ಉಲ್ಟಾ. ಲ್ಯಾಟಿನ್ ಮೂಲದಿಂದ ಹಳೆಯ ಇಂಗ್ಲಿಷ್‌ಗೆ ಬಂದಾಗ ‘ಕುಕ್’ ಅಂದರೆ ಅಡುಗೆ ಮಾಡುವ ಮನುಷ್ಯ ಅಂತಲೇ ಇತ್ತು. ಅಡುಗೆ ಮಾಡು ಅನ್ನುವ ಕ್ರಿಯಾಪದದ ಅರ್ಥ ನೂರಾರು ವರ್ಷ ಬಿಟ್ಟು ಬಂತು. ಮನುಷ್ಯನಿಗೆ ಆಗಲೇ ಹೆಸರು ಇದ್ದದ್ದರಿಂದ ‘ಅರ್’ ಸೇರಿಸುವ ಅಗತ್ಯ ಬೀಳಲಿಲ್ಲ. ಮುಂದೆ ‘ಕುಕ್ಕರ್’ ಅನ್ನೋ ಪದ ಬಂದಾಗ ಅದು ಉಪಕರಣದ ಪಾಲಾಯಿತು. ಇಂಗ್ಲೆಂಡಿನಲ್ಲಿ ಕುಕ್ಕರ್ ಅಂದರೆ ಒಲೆ. ನಮ್ಮಲ್ಲಿ ವಿಸಿಲ್ ಹೊಡೆಯುವ ಪ್ರೆಶರ್ ಕುಕ್ಕರ್. ಆ ಪ್ರೆಶರ್ ಕುಕ್ಕರಿನ ಮೂಲರೂಪವನ್ನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲೇ ಮಾಡಿ ತೋರಿಸಿದ್ದ.

ಆದ್ದರಿಂದ ‘ಐ ಆಮ್ ಎ ಗುಡ್ ಕುಕ್ಕರ್’ ಅಂದರೆ ‘ನಾನು ಒಳ್ಳೆ ಕುಕ್ಕರು’ ಅಂದ ಹಾಗೆ. ಎಷ್ಟು ವಿಸಿಲ್ ಅಂತ ಎದುರಿಗಿದ್ದವರು ಕೇಳಿದರೆ ಬೇಜಾರಾಗಬಾರದು! ಸರಿಯಾದ ವಾಕ್ಯ: ‘ಐ ಆಮ್ ಎ ಗುಡ್ ಕುಕ್’. ನಡುವಿನ ‘ಎ’ ಬಿಡಬೇಡಿ.

ಆಸಕ್ತಿ ಹೇಳಲು ‘ಕುಕಿಂಗ್’ ಸಾಕು

ಹಾಬಿ ಅಂದರೆ ನೀವು ಮಾಡುವ ಕೆಲಸ, ನೀವಲ್ಲ. ಅದಕ್ಕೆ ಹಾಬೀಸ್ ಸಾಲಿನಲ್ಲಿ ‘ಕುಕ್’ ಅಂತ ಬರೆದರೆ ತಪ್ಪು, ‘ಕುಕಿಂಗ್’ ಸರಿ. ರೀಡಿಂಗ್, ಸಿಂಗಿಂಗ್, ಗಾರ್ಡನಿಂಗ್ ಬರೆಯುವ ಹಾಗೇ ಇದೂ.

ಈ ನಾಲ್ಕು ತಪ್ಪು ಪದೇ ಪದೇ ಕಾಣುತ್ತವೆ.

‘ಮೈ ಹಾಬಿ ಈಸ್ ಕುಕ್’: ನನ್ನ ಹವ್ಯಾಸ ಅಡುಗೆಯವನು ಅಂತಾಗುತ್ತೆ. ‘ಮೈ ಹಾಬಿ ಈಸ್ ಕುಕಿಂಗ್’ ಅನ್ನಿ.

‘ಐ ಆಮ್ ಇಂಟರೆಸ್ಟಿಂಗ್ ಇನ್ ಕುಕಿಂಗ್’: ‘ಇಂಟರೆಸ್ಟಿಂಗ್’ ಅಂದರೆ ಬೇರೆಯವರಿಗೆ ಆಸಕ್ತಿ ಹುಟ್ಟಿಸುವವನು. ನಿಮಗೆ ಆಸಕ್ತಿ ಇದೆ ಅನ್ನಲು ‘ಇಂಟರೆಸ್ಟೆಡ್’ ಬೇಕು. ‘ಐ ಆಮ್ ಇಂಟರೆಸ್ಟೆಡ್ ಇನ್ ಕುಕಿಂಗ್’.

‘ಇಂಟರೆಸ್ಟ್ ಆನ್ ಕುಕಿಂಗ್’: ಕನ್ನಡದಲ್ಲಿ ‘ಅಡುಗೆ ಮೇಲೆ ಆಸಕ್ತಿ’ ಅನ್ನುತ್ತೇವೆ, ಅದಕ್ಕೆ ‘ಆನ್’ ಬಂದುಬಿಡುತ್ತೆ. ಇಂಗ್ಲಿಷ್‌ನಲ್ಲಿ ‘ಇನ್’ ಮಾತ್ರ.

‘ಕುಕಿಂಗ್ಸ್’: ಇಂಥ ಪದ ಇಲ್ಲ. ಕುಕಿಂಗ್‌ಗೆ ಬಹುವಚನ ಬೇಡ. ಹತ್ತು ಬಗೆ ಅಡುಗೆ ಬರುತ್ತೆ ಅನ್ನಬೇಕಾದರೆ ‘ಟೆನ್ ಡಿಶಸ್’ ಅನ್ನಿ.

ಇನ್ನೊಂದು ಸಣ್ಣ ವಿಷಯ. ಟೀ, ಕಾಫಿ, ಚಪಾತಿಗೆ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ‘ಮೇಕ್’ ಅನ್ನುತ್ತಾರೆ. ‘ಐ ಕುಕ್ ಟೀ’ ಅಂದರೆ ಕೇಳುವವರಿಗೆ ವಿಚಿತ್ರ ಅನಿಸುತ್ತೆ.

ಕುಕರಿ, ಕಲಿನರಿ, ಕ್ವಿಸೀನ್: ದೊಡ್ಡ ಪದ ಹಾಕಬೇಕಾ?

‘ಕುಕಿಂಗ್’ ತೀರಾ ಸಾದಾ ಅನಿಸಿ ಭಾರಿ ಪದ ಹುಡುಕುವವರಿದ್ದಾರೆ. ಒಂದೊಂದನ್ನೇ ನೋಡೋಣ.

ಕುಕರಿ: ಅಡುಗೆಯನ್ನು ಕಲೆಯಾಗಿ, ಪಾಠವಾಗಿ ನೋಡುವಾಗ ಬರುವ ಪದ. ಇದು ಬ್ರಿಟಿಷ್ ಇಂಗ್ಲಿಷಿನ ರೂಢಿ. ಕುಕರಿ ಕ್ಲಾಸ್, ಕುಕರಿ ಶೋ, ಕುಕರಿ ಬುಕ್ ಅಂತ ನಾವೂ ಅಲ್ಲಿಂದಲೇ ಕಲಿತದ್ದು. ‘ಕುಕರಿ ಕ್ಲಾಸ್‌ಗೆ ಹೋಗಿದ್ದೇನೆ’ ಸರಿ. ಹವ್ಯಾಸ ಹೇಳಲು ಮಾತ್ರ ಕುಕಿಂಗ್ ಅಂದರೇ ಸಹಜ.

ಕಲಿನರಿ: ಇದು ನಾಮಪದವೇ ಅಲ್ಲ, ವಿಶೇಷಣ. ಅಡುಗೆಮನೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ‘ಇಂಟರೆಸ್ಟ್ ಇನ್ ಕಲಿನರಿ’ ಅಂದರೆ ‘ಪಾಕಸಂಬಂಧಿಯಲ್ಲಿ ಆಸಕ್ತಿ’ ಅಂದು ವಾಕ್ಯ ಅರ್ಧಕ್ಕೇ ನಿಂತ ಹಾಗೆ. ಮುಂದೆ ಒಂದು ಪದ ಬೇಕೇ ಬೇಕು: ‘ಕಲಿನರಿ ಆರ್ಟ್ಸ್’, ‘ಕಲಿನರಿ ಸ್ಕಿಲ್ಸ್’. ‘ಕಲಿನರಿ ಆರ್ಟ್ಸ್’ ಅಂದರೆ ತರಬೇತಿ ಪಡೆದು ಮಾಡುವ ವೃತ್ತಿಯ ಅಡುಗೆ. ಮನೆಯಲ್ಲಿ ಚೆನ್ನಾಗಿ ಸಾರು ಮಾಡುತ್ತೇನೆ ಅನ್ನೋದಕ್ಕೆ ಇಷ್ಟು ದೊಡ್ಡ ಪದ ಹಾಕಿದರೆ ಇಂಟರ್‌ವ್ಯೂನಲ್ಲಿ ಪ್ರಶ್ನೆಯೂ ಅಷ್ಟೇ ದೊಡ್ಡದಾಗಿ ಬರುತ್ತೆ.

ಕ್ವಿಸೀನ್: ಒಂದು ಸೀಮೆ, ದೇಶ ಅಥವಾ ಸಮುದಾಯದ ಅಡುಗೆ ಪದ್ಧತಿ. ಉಡುಪಿ ಕ್ವಿಸೀನ್, ಕೊಡಗಿನ ಕ್ವಿಸೀನ್, ಚೈನೀಸ್ ಕ್ವಿಸೀನ್. ‘ಮೈ ಹಾಬಿ ಈಸ್ ಕ್ವಿಸೀನ್’ ಆಗಲ್ಲ. ‘ಐ ಆಮ್ ಇಂಟರೆಸ್ಟೆಡ್ ಇನ್ ನಾರ್ತ್ ಕರ್ನಾಟಕ ಕ್ವಿಸೀನ್’ ಅಂದರೆ ಚೆಂದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಸೇರಿದ ಪದ್ಧತಿ ನನಗೆ ಇಷ್ಟ ಅಂತ ಅರ್ಥ. ಬೋರ್ಡ್ ಬರೆಸುವವರು ಅಕ್ಷರ ನೋಡಿಕೊಳ್ಳಿ: ಸಿ, ಯು, ಐ, ಎಸ್, ಐ, ಇ ಅಲ್ಲ; ಸಿ, ಯು, ಐ, ಎಸ್, ಐ, ಎನ್, ಇ. ‘ಸಿ’ ಆದಮೇಲೆ ‘ಒ’ ಸೇರಿಸಿದರೆ ಓದುವವರಿಗೆ ಅದು ‘ಕಸಿನ್’ ಥರ ಕಂಡು, ಚೈನೀಸ್ ಅಡುಗೆ ಬದಲು ಚೈನೀಸ್ ನೆಂಟರು ಬಂದು ಕೂರುತ್ತಾರೆ.

ಗ್ಯಾಸ್ಟ್ರಾನಮಿ: ಊಟ ತಿಂಡಿಯ ಕಲೆ, ಇತಿಹಾಸ, ಸಂಸ್ಕೃತಿಯ ಅಧ್ಯಯನ. ಪುಸ್ತಕ ಬರೆಯುವವರಿಗೆ, ಸಂಶೋಧನೆ ಮಾಡುವವರಿಗೆ ಇರಲಿ. ಬಯೋಡೇಟಾಕ್ಕೆ ಬೇಡ. ಡಾಕ್ಟರ ಬೋರ್ಡಿನ ‘ಗ್ಯಾಸ್ಟ್ರೋ’ ನೆನಪಾಗುವ ಅಪಾಯವೂ ಇದೆ!

ಕುಕ್ ಮತ್ತು ಶೆಫ್: ಮರ್ಯಾದೆಯ ಪ್ರಶ್ನೆಯಲ್ಲ, ಹುದ್ದೆಯ ಪ್ರಶ್ನೆ

‘ಕುಕ್ ಅಂದರೆ ಕೀಳು, ಶೆಫ್ ಅಂದರೆ ಮೇಲು’ ಅನ್ನೋ ಭಾವನೆ ಟಿವಿ ಶೋಗಳಿಂದ ಬಂದಿದೆ. ಇದು ಸರಿಯಲ್ಲ. ಅಡುಗೆ ಮಾಡುವ ಯಾರೇ ಆಗಲಿ ಕುಕ್. ಮನೆಯ ಅಮ್ಮನೂ ಕುಕ್, ಮದುವೆ ಮನೆಯ ಅಡುಗೆ ಭಟ್ಟರೂ ಕುಕ್. ನಮ್ಮ ಶಾಲೆಗಳ ಬಿಸಿಯೂಟ ಯೋಜನೆಯಲ್ಲಿ ಅಡುಗೆ ಮಾಡುವ ತಾಯಂದಿರಿಗೆ ಸರ್ಕಾರಿ ದಾಖಲೆಯಲ್ಲಿರುವ ಇಂಗ್ಲಿಷ್ ಹೆಸರು ‘ಕುಕ್ ಕಮ್ ಹೆಲ್ಪರ್’. ನೂರಾರು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಾಂಬಾರ್ ಮಾಡುವ ಕೈಗೆ ಆ ಪದ ಏನೂ ಕಡಿಮೆಯಲ್ಲ.

‘ಶೆಫ್’ ಫ್ರೆಂಚ್ ಪದ. ಅರ್ಥ ‘ಮುಖ್ಯಸ್ಥ’. ‘ಅಡುಗೆಮನೆಯ ಮುಖ್ಯಸ್ಥ’ ಅನ್ನುವ ಉದ್ದದ ಹೆಸರು ಮೊಟಕಾಗಿ ಶೆಫ್ ಆಯಿತು. ಇಂಗ್ಲಿಷಿನ ‘ಚೀಫ್’ ಕೂಡ ಇದೇ ಮೂಲದ್ದು, ಅಣ್ಣತಮ್ಮಂದಿರ ಪದಗಳು. ಅದಕ್ಕೇ ಬೋರ್ಡ್‌ಗಳಲ್ಲಿ ಶೆಫ್ ಬದಲು ಚೀಫ್ ಅಂತ ಬರೆದು ಗಲಿಬಿಲಿ ಆಗೋದು. ಶೆಫ್‌ಗೆ ಅಕ್ಷರ ನಾಲ್ಕೇ: ಸಿ, ಎಚ್, ಇ, ಎಫ್. ನಡುವೆ ‘ಐ’ ಬರಲ್ಲ.

ದೊಡ್ಡ ಹೋಟೆಲ್‌ಗಳ ಅಡುಗೆಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹುದ್ದೆಗಳಿವೆ. ಫ್ರಾನ್ಸಿನ ಆಗಸ್ಟ್ ಎಸ್ಕಾಫಿಯೆ (1846-1935) ಸೈನ್ಯದ ಶಿಸ್ತನ್ನು ಅಡುಗೆಮನೆಗೆ ತಂದು ರೂಪಿಸಿದ ಪದ್ಧತಿ ಇದಕ್ಕೆ ಬುನಾದಿ. ಈಗ ಸಾಮಾನ್ಯವಾಗಿ ಕಾಣುವ ಕ್ರಮ ಹೀಗಿದೆ:

ಕಮಿ: ಹೊಸದಾಗಿ ಸೇರಿದವರು. ಇದರಲ್ಲೂ ಕಮಿ 3, ಕಮಿ 2, ಕಮಿ 1 ಅಂತ ಇರುತ್ತೆ. 3 ಕೆಳಗಿನದು, 1 ಮೇಲಿನದು.
ಡೆಮಿ ಶೆಫ್ ದ ಪಾರ್ಟಿ: ಒಂದು ವಿಭಾಗದ ಉಪ ಹೊಣೆಗಾರ.
ಶೆಫ್ ದ ಪಾರ್ಟಿ: ಒಂದು ವಿಭಾಗದ ಪೂರ್ತಿ ಹೊಣೆಗಾರ. ತಂದೂರಿಗೊಬ್ಬರು, ಸಿಹಿಗೊಬ್ಬರು, ಸೌತ್ ಇಂಡಿಯನ್‌ಗೊಬ್ಬರು ಹೀಗೆ.
ಸೂ ಶೆಫ್: ಅಡುಗೆಮನೆಯ ಎರಡನೇ ಯಜಮಾನ.
ಎಕ್ಸಿಕ್ಯೂಟಿವ್ ಶೆಫ್: ಎಲ್ಲಕ್ಕೂ ಮೇಲಿನವರು. ಮೆನು, ಖರ್ಚು, ಆಳುಕಾಳು ಎಲ್ಲ ಇವರ ಕೈಯಲ್ಲಿ.

ಹತ್ತು ವರ್ಷ ಹೋಟೆಲ್‌ನಲ್ಲಿ ದೋಸೆ ಹೊಯ್ದ ಅನುಭವ ಇರುವವರು ಬಯೋಡೇಟಾದಲ್ಲಿ ಬರೀ ‘ಶೆಫ್’ ಅಂತ ಹಾಕಿದರೆ ಓದುವವರಿಗೆ ಏನೂ ತಿಳಿಯಲ್ಲ. ನಮ್ಮಲ್ಲಿ ‘ದೋಸೆ ಮಾಸ್ಟರ್’, ‘ಪರೋಟ ಮಾಸ್ಟರ್’ ಅನ್ನುತ್ತೇವೆ. ಹೊರ ರಾಜ್ಯ, ಹೊರ ದೇಶದವರಿಗೆ ಮಾಸ್ಟರ್ ಅಂದರೆ ಮೇಷ್ಟ್ರು ಅನಿಸಬಹುದು. ‘ಸೌತ್ ಇಂಡಿಯನ್ ಕುಕ್, ಸ್ಪೆಷಲೈಸ್ಡ್ ಇನ್ ದೋಸಾ, 10 ಇಯರ್ಸ್’ ಅಂತ ಬರೆಯಿರಿ. ಶೆಫ್ ಅನ್ನೋ ಒಂಟಿ ಪದಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಇನ್ನು ಮನೆಯಲ್ಲಿ ಇಷ್ಟಪಟ್ಟು ಮಾಡುವವರಿಗೆ ‘ಹೋಮ್ ಕುಕ್’ ಅನ್ನೋ ಒಳ್ಳೆ ಪದ ಇದೆ. ವೃತ್ತಿ ಅಲ್ಲ, ಆದರೆ ಕೈ ಪಳಗಿದೆ ಅಂತ ಅರ್ಥ. ಮದುವೆ ಬಯೋಡೇಟಾಕ್ಕೂ ಸರಿಹೋಗುತ್ತೆ, ಹುಡುಗ ಹುಡುಗಿ ಇಬ್ಬರಿಗೂ.

ಫುಡಿ, ಗೂರ್ಮೆ: ಇವರು ತಿನ್ನುವ ಪಕ್ಷ

ಈಗ ಎಲ್ಲರ ಇನ್‌ಸ್ಟಾಗ್ರಾಂ ಪ್ರೊಫೈಲ್‌ನಲ್ಲೂ ‘ಫುಡಿ’ ಇದೆ. 1980ರ ದಶಕದಲ್ಲಿ ಬಳಕೆಗೆ ಬಂದ ಪದ. ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತೆ ಅಂತ ಹುಡುಕಿಕೊಂಡು ಹೋಗಿ ತಿನ್ನುವವರು ಅಂತ ಅರ್ಥ. ಗಮನಿಸಿ, ಇದರಲ್ಲಿ ಅಡುಗೆ ಬರುತ್ತೆ ಅನ್ನೋ ಅರ್ಥವೇ ಇಲ್ಲ. ಬೆಣ್ಣೆದೋಸೆ ತಿನ್ನಲು ಊರಿಂದೂರಿಗೆ ಹೋಗುವವನು ಫುಡಿ, ಹಂಚಿನ ಮುಂದೆ ನಿಂತು ಹೊಯ್ಯುವವನು ಕುಕ್.

ಹೋಟೆಲ್ ಕೆಲಸಕ್ಕೆ ಅರ್ಜಿ ಹಾಕುವಾಗ ‘ಐ ಆಮ್ ಎ ಫುಡಿ’ ಅಂತ ಬರೆದರೆ, ಯಜಮಾನರಿಗೆ ಇವನು ಮಾಡ್ತಾನೋ, ಮಾಡಿದ್ದನ್ನ ತಿಂತಾನೋ ಅನ್ನೋ ಅನುಮಾನ ಬರದೆ ಇರುತ್ತಾ? ಸೋಷಿಯಲ್ ಮೀಡಿಯಾದಲ್ಲಿ ಹೋಟೆಲ್ ರಿವ್ಯೂ ಮಾಡುವವರು, ರೀಲ್ಸ್ ಮಾಡುವವರು ಈ ಪದ ಬಳಸಿದರೆ ಸರಿ.

‘ಗೂರ್ಮೆ’ ಅಂದರೆ ರುಚಿಯ ಸೂಕ್ಷ್ಮ ಬಲ್ಲವರು. ಉಪ್ಪು ಒಂದು ಚಿಟಿಕೆ ಹೆಚ್ಚಿದ್ದರೂ ಹೇಳುವಂಥವರು. ‘ಗೂರ್ಮಾಂಡ್’ ಅಂದರೆ ಊಟದ ಮೇಲೆ ಭಾರಿ ಪ್ರೀತಿ ಇರುವವರು, ಕೆಲವೊಮ್ಮೆ ಮಿತಿ ಮೀರಿ ತಿನ್ನುವವರು ಅಂತಲೂ ಅರ್ಥ. ಎರಡೂ ಕೇಳಲು ಒಂದೇ ಥರ ಇದ್ದರೂ ಒಂದು ಹೊಗಳಿಕೆ, ಇನ್ನೊಂದು ಅರ್ಧ ಚೇಷ್ಟೆ. ಸರಿಯಾಗಿ ಗೊತ್ತಿಲ್ಲದಿದ್ದರೆ ಎರಡನ್ನೂ ಬಿಡುವುದು ಕ್ಷೇಮ.

ಮುಂದೆ ಓದಬೇಕು ಅನ್ನುವವರಿಗೆ: ಪದ ಬದಲಾದರೆ ಕೋರ್ಸೇ ಬದಲು

ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿದ ಮಕ್ಕಳು ‘ಅಡುಗೆಯಲ್ಲಿ ಇಂಟರೆಸ್ಟ್ ಇದೆ’ ಅಂದಾಗ ಪೋಷಕರು ಗಮನಿಸಬೇಕಾದ ವಿಷಯ ಇದು. ಕೋರ್ಸುಗಳ ಹೆಸರಿನಲ್ಲಿ ‘ಕುಕಿಂಗ್’ ಅನ್ನೋ ಪದವೇ ಅಪರೂಪ.

ಫುಡ್ ಪ್ರೊಡಕ್ಷನ್: ಕೇಳಲು ಕಾರ್ಖಾನೆ ಥರ ಇದ್ದರೂ, ಇದು ಹೋಟೆಲ್ ಅಡುಗೆಯ ಅಧಿಕೃತ ಹೆಸರು. ಐಟಿಐಗಳಲ್ಲಿ ‘ಫುಡ್ ಪ್ರೊಡಕ್ಷನ್ ಜನರಲ್’ ಅನ್ನೋ ಟ್ರೇಡ್ ಇದೆ. ‘ಬೇಕರ್ ಅಂಡ್ ಕನ್ಫೆಕ್ಷನರ್’ ಅಂತ ಬೇರೆ ಟ್ರೇಡೂ ಇದೆ. ಕೈಕೆಲಸ ಕಲಿತು ಬೇಗ ದುಡಿಮೆಗೆ ಇಳಿಯಬೇಕು ಅನ್ನುವವರಿಗೆ ಇವು.

ಹೋಟೆಲ್ ಮ್ಯಾನೇಜ್‌ಮೆಂಟ್: ಇದರಲ್ಲಿ ಅಡುಗೆ ಒಂದು ಭಾಗ ಮಾತ್ರ. ರಿಸೆಪ್ಷನ್, ರೂಮ್ ನಿರ್ವಹಣೆ, ಬಡಿಸುವ ವಿಭಾಗ, ಲೆಕ್ಕಪತ್ರ ಎಲ್ಲವೂ ಬರುತ್ತೆ. ಬರೀ ಅಡುಗೆ ಇಷ್ಟ ಅಂತ ಸೇರಿ, ಆಮೇಲೆ ಹಾಸಿಗೆ ಮಡಿಸೋದೂ ಕಲಿಯಬೇಕಾ ಅಂತ ಬೇಜಾರಾಗುವವರಿದ್ದಾರೆ. ಮೊದಲೇ ತಿಳಿದಿರಲಿ.

ಫುಡ್ ಟೆಕ್ನಾಲಜಿ: ಇದು ಅಡುಗೆ ಅಲ್ಲವೇ ಅಲ್ಲ, ವಿಜ್ಞಾನ. ಆಹಾರ ಕೆಡದ ಹಾಗೆ ಇಡೋದು, ಪ್ಯಾಕ್ ಮಾಡೋದು, ಪರೀಕ್ಷೆ ಮಾಡೋದು, ಯಂತ್ರದಲ್ಲಿ ತಯಾರಿಸೋದು. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಜನ ‘ಸಿಎಫ್‌ಟಿಆರ್‌ಐ’ ಅನ್ನೋದು, ಈ ಕ್ಷೇತ್ರದ ದೊಡ್ಡ ಸಂಸ್ಥೆ. ಇದನ್ನು ಓದಲು ಪಿಯುಸಿಯಲ್ಲಿ ವಿಜ್ಞಾನ ಬೇಕಾಗುತ್ತೆ.

ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್: ಯಾರಿಗೆ ಯಾವ ಆಹಾರ, ಎಷ್ಟು ಅನ್ನುವ ಶಾಸ್ತ್ರ. ಆಸ್ಪತ್ರೆ, ಆರೋಗ್ಯ ಕ್ಷೇತ್ರದ ಕೆಲಸ.

ಹಾಗಾಗಿ ಮಗಳು ‘ಐ ಆಮ್ ಇಂಟರೆಸ್ಟೆಡ್ ಇನ್ ಫುಡ್’ ಅಂದರೆ ನಾಲ್ಕರಲ್ಲಿ ಯಾವುದು ಅಂತ ಕೇಳಿ. ಒಲೆ ಮುಂದೆ ನಿಲ್ಲೋದು ಇಷ್ಟವಾ, ಲ್ಯಾಬ್ ಇಷ್ಟವಾ, ಗಿರಾಕಿಗಳ ಜೊತೆ ಮಾತಾಡೋದು ಇಷ್ಟವಾ? ತಪ್ಪು ಪದ ನೋಡಿ ಫೀಸ್ ಕಟ್ಟಿದ ಮೇಲೆ ಕೋರ್ಸ್ ಬದಲಿಸೋದು ಸುಲಭ ಅಲ್ಲ.

ಅಂಗಡಿಯವರಿಗೆ: ಬೋರ್ಡ್ ಬರೆಸುವ ಮುಂಚೆ

ಹೋಟೆಲ್, ರೆಸ್ಟೋರೆಂಟ್: ನಮ್ಮಲ್ಲಿ ನಾಲ್ಕು ಟೇಬಲ್ ಇರುವ ಇಡ್ಲಿ ಅಂಗಡಿಯೂ ಹೋಟೆಲ್ಲೇ. ಆದರೆ ಇಂಗ್ಲಿಷ್‌ನಲ್ಲಿ ಹೋಟೆಲ್ ಅಂದರೆ ಉಳಿದುಕೊಳ್ಳಲು ರೂಮ್ ಇರುವ ಜಾಗ. ಊಟ ಮಾತ್ರ ಸಿಗುವ ಜಾಗ ರೆಸ್ಟೋರೆಂಟ್. ಬೋರ್ಡಿನಲ್ಲಿ ಹೋಟೆಲ್ ಅಂತಿದ್ದರೆ ಊರಿನವರಿಗೆ ತೊಂದರೆ ಇಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸುವಾಗ ಮಾತ್ರ ಹುಷಾರು. ಅಲ್ಲಿ ‘ಹೋಟೆಲ್’ ವರ್ಗ ಆರಿಸಿದರೆ ನಿಮ್ಮ ಅಂಗಡಿ ಲಾಡ್ಜ್‌ಗಳ ಸಾಲಿಗೆ ಸೇರುತ್ತೆ. ಊಟ ಹುಡುಕುವವರಿಗೆ ಕಾಣಲ್ಲ, ರಾತ್ರಿ ಹನ್ನೊಂದಕ್ಕೆ ‘ರೂಮ್ ಇದೆಯಾ?’ ಅಂತ ಫೋನ್ ಬರುತ್ತೆ. ‘ರೆಸ್ಟೋರೆಂಟ್’ ವರ್ಗ ಆರಿಸಿ. ಹೆಸರಿನಲ್ಲಿ ಹೋಟೆಲ್ ಇರಲಿ ಬಿಡಿ.

ಮಿಲಿಟರಿ ಹೋಟೆಲ್: ಕರ್ನಾಟಕದವರಿಗೆಲ್ಲ ಗೊತ್ತು, ಮುದ್ದೆ ಮಟನ್ ಸಿಗುವ ಜಾಗ. ಹೊರಗಿನವರು ಸೈನಿಕರ ಕ್ಯಾಂಟೀನ್ ಅಂದುಕೊಳ್ಳಬಹುದು. ಹೆದ್ದಾರಿ ಪಕ್ಕ ಇರುವವರು ಕೆಳಗೆ ಸಣ್ಣದಾಗಿ ‘ನಾನ್ ವೆಜ್ ರೆಸ್ಟೋರೆಂಟ್’ ಅಂತ ಸೇರಿಸಿದರೆ ಲಾಭ.

ಖಾನಾವಳಿ, ಮೆಸ್: ಖಾನಾವಳಿಗೆ ಸಮನಾದ ಇಂಗ್ಲಿಷ್ ಪದ ಹುಡುಕಬೇಡಿ. ‘ಖಾನಾವಳಿ’ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೆಳಗೆ ‘ನಾರ್ತ್ ಕರ್ನಾಟಕ ಮೀಲ್ಸ್’ ಅನ್ನಿ. ಮೆಸ್ ಅಂದರೆ ತಿಂಗಳ ಲೆಕ್ಕದಲ್ಲಿ ಒಂದೇ ಕಡೆ ಊಟ ಮಾಡುವ ವ್ಯವಸ್ಥೆ. ವಿದ್ಯಾರ್ಥಿಗಳಿಗೆ ಅರ್ಥವಾಗುತ್ತೆ. ‘ಟಿಫಿನ್’ ಕೂಡ ಹೀಗೇ. ಇಂಗ್ಲೆಂಡಿನಲ್ಲಿ ಈಗ ಈ ಅರ್ಥದಲ್ಲಿ ಬಳಕೆ ಕಡಿಮೆ, ಆದರೆ ನಮ್ಮಲ್ಲಿ ಬದುಕಿದೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್ ಹೆಸರಿನ ಪೂರ್ಣರೂಪವೇ ಮಾವಳ್ಳಿ ಟಿಫಿನ್ ರೂಮ್ಸ್. ಓದುವ ಗಿರಾಕಿಗೆ ಅರ್ಥವಾದರೆ ಪದ ಗೆದ್ದ ಹಾಗೆ.

ಕೇಟರಿಂಗ್, ಕೇಟರರ್ಸ್: ಮದುವೆ, ಗೃಹಪ್ರವೇಶಕ್ಕೆ ಅಡುಗೆ ಒಪ್ಪಿಕೊಂಡು ಬಡಿಸಿಕೊಡುವ ವ್ಯಾಪಾರ ಕೇಟರಿಂಗ್, ಮಾಡುವವರು ಕೇಟರರ್. ಬೋರ್ಡಿನಲ್ಲಿ ‘ಕೇಟರರ್ಸ್’ ಸರಿ. ಹವ್ಯಾಸದ ಸಾಲಿನಲ್ಲಿ ‘ಕೇಟರಿಂಗ್’ ಹಾಕಬೇಡಿ, ಅದು ವ್ಯಾಪಾರ. ಆಹಾರ ಸುರಕ್ಷತೆಯ ನೋಂದಣಿ ಅರ್ಜಿಯಲ್ಲೂ ಕೇಟರರ್ ಬೇರೆ ವರ್ಗ, ರೆಸ್ಟೋರೆಂಟ್ ಬೇರೆ ವರ್ಗ. ಅರ್ಜಿ ತುಂಬುವ ಸೈಬರ್ ಸೆಂಟರಿನವರಿಗೆ ನಿಮ್ಮ ಕೆಲಸ ಏನು ಅಂತ ಬಿಡಿಸಿ ಹೇಳಿ. 14 ಅಂಕಿಯ ನಂಬರ್ ಬಂದ ಮೇಲೆ ವರ್ಗವನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಕಾಂಡಿಮೆಂಟ್ಸ್: ನಮ್ಮ ಕಡೆ ಕಾಂಡಿಮೆಂಟ್ಸ್ ಅಂದರೆ ಚಿಪ್ಸ್, ಚಕ್ಕುಲಿ, ಖಾರಾ ಬೂಂದಿ ಸಿಗುವ ಅಂಗಡಿ. ಇಂಗ್ಲಿಷ್‌ನಲ್ಲಿ ಕಾಂಡಿಮೆಂಟ್ ಅಂದರೆ ಊಟದ ಜೊತೆ ನೆಂಚಿಕೊಳ್ಳುವ ಉಪ್ಪಿನಕಾಯಿ, ಸಾಸ್, ಚಟ್ನಿ ಥರದ್ದು. ಚಕ್ಕುಲಿ ನಿಪ್ಪಟ್ಟಿಗೆ ‘ಸೇವರೀಸ್’ ಅಥವಾ ‘ಸ್ನ್ಯಾಕ್ಸ್’ ಸರಿಯಾದ ಪದ. ಹಳೇ ಅಂಗಡಿಯವರು ಹೆಸರು ಬದಲಿಸಬೇಕಿಲ್ಲ, ಜನಕ್ಕೆ ರೂಢಿಯಾಗಿದೆ. ಆನ್‌ಲೈನ್‌ನಲ್ಲಿ ಮಾರುವವರು ಮಾತ್ರ ‘ಸ್ನ್ಯಾಕ್ಸ್’ ಅಂತ ಹಾಕಿ, ಹೊರಗಿನ ಗಿರಾಕಿ ಹುಡುಕೋದು ಆ ಪದದಲ್ಲೇ.

ತಿಂಡಿಯ ಹೆಸರು: ಮಂಡಕ್ಕಿಗೆ ‘ಪಫ್ಡ್ ರೈಸ್’ ಅಂತ ಇಂಗ್ಲಿಷ್ ಇದೆ. ಆದರೆ ಖಾರ ಮಂಡಕ್ಕಿ, ಮಿರ್ಚಿ, ಗಿರ್ಮಿಟ್, ಬೆಣ್ಣೆದೋಸೆಗೆ ಅನುವಾದ ಬೇಡ. ಹೆಸರು ಹಾಗೇ ಇಟ್ಟು, ಬೇಕಿದ್ದರೆ ಪಕ್ಕದಲ್ಲಿ ಅದು ಏನು ಅಂತ ಒಂದು ಸಾಲು ಬರೆಯಿರಿ. ‘ಪಿಜ್ಜಾ’ ಯಾರೂ ಅನುವಾದ ಮಾಡಲಿಲ್ಲ, ನಮ್ಮ ಮುದ್ದೆ ಯಾಕೆ ‘ರಾಗಿ ಬಾಲ್’ ಆಗಬೇಕು?

ಇಂಗ್ಲಿಷ್ ಪದ ಆರಿಸುವ ಭರದಲ್ಲಿ ಕನ್ನಡ ಮರೆಯುವ ಹಾಗಿಲ್ಲ. 2024ರ ತಿದ್ದುಪಡಿ ಕಾನೂನಿನ ಪ್ರಕಾರ ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್‌ಗೆ ಉಳಿಯುವ ಜಾಗ ಕಡಿಮೆ. ಇರುವ ಜಾಗದಲ್ಲಿ ಒಂದೇ ಸರಿಯಾದ ಪದ ಇದ್ದರೆ ಸಾಕು.

ಗಲ್ಫ್‌ಗೆ ಹೊರಟವರು ಇದನ್ನು ಓದಲೇಬೇಕು

ಇಲ್ಲಿ ಪದದ ತಪ್ಪು ನಗುವ ವಿಷಯ ಅಲ್ಲ. ‘ಕುಕ್’ ಕೆಲಸ ಅಂತ ಏಜೆಂಟ್ ಹೇಳಿದಾಗ ಎಲ್ಲಿಯ ಕುಕ್ ಅಂತ ಕೇಳಿ. ರೆಸ್ಟೋರೆಂಟ್‌ನ ಕುಕ್ ಬೇರೆ, ಒಬ್ಬರ ಮನೆಯಲ್ಲಿ ಇದ್ದು ಅಡುಗೆ ಮಾಡುವ ಕುಕ್ ಬೇರೆ. ಯುಎಇಯಲ್ಲಿ ಮನೆಯ ಅಡುಗೆಯವರು ‘ಡೊಮೆಸ್ಟಿಕ್ ವರ್ಕರ್’, ಅಂದರೆ ಮನೆಕೆಲಸದವರ ಸಾಲಿಗೆ ಬರುತ್ತಾರೆ. ಅವರಿಗೆ 2022ರಲ್ಲಿ ಬಂದ ಬೇರೆಯದೇ ಕಾನೂನು ಇದೆ. ಹೋಟೆಲ್ ನೌಕರರಿಗೆ ಅನ್ವಯಿಸುವ ಸಾಮಾನ್ಯ ಕಾರ್ಮಿಕ ಕಾನೂನು ಅವರಿಗೆ ಬರಲ್ಲ.

‘ಕಿಚನ್ ಹೆಲ್ಪರ್’ ಅಂದರೆ ಪಾತ್ರೆ, ತರಕಾರಿ, ಸ್ವಚ್ಛತೆಯ ಕೆಲಸ. ಕುಕ್ ಅಂತ ಮಾತಾಡಿ ಪತ್ರದಲ್ಲಿ ಹೆಲ್ಪರ್ ಅಂತ ಬರೆದಿದ್ದರೆ, ಸಂಬಳ ಹೆಲ್ಪರಿನದೇ. ಅಲ್ಲಿ ಹೋದ ಮೇಲೆ ‘ನನಗೆ ಕುಕ್ ಅಂದಿದ್ದರು’ ಅಂದರೆ ಬಾಯಿಮಾತಿಗೆ ಬೆಲೆ ಸಿಗೋದು ಕಷ್ಟ.

ಅದಕ್ಕೆ ಸಹಿ ಹಾಕುವ ಮುಂಚೆ ಮೂರು ವಿಷಯ ನೋಡಿ. ಒಂದು, ಕರಾರು ಪತ್ರ ಮತ್ತು ವೀಸಾ ಎರಡರಲ್ಲೂ ಹುದ್ದೆಯ ಹೆಸರು ಒಂದೇ ಇದೆಯಾ? ಎರಡು, ಕೆಲಸ ಕೊಡುವವರು ಕಂಪನಿಯಾ, ವ್ಯಕ್ತಿಯಾ? ಮೂರು, ಸಂಬಳ ಆ ಹುದ್ದೆಯ ಹೆಸರಿನ ಎದುರಿಗೇ ಬರೆದಿದೆಯಾ? ಇಂಗ್ಲಿಷ್ ಓದಲು ಬರದಿದ್ದರೆ ಊರಿನ ಮೇಷ್ಟ್ರಿಗೋ, ಓದಿದ ಹುಡುಗರಿಗೋ ತೋರಿಸಿ. ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ನಮ್ಮ ಪದಗಳೂ ಕಡಿಮೆ ಇಲ್ಲ

ಇಂಗ್ಲಿಷ್‌ನಲ್ಲಿ ಇಷ್ಟೊಂದು ಪದ ಇದೆಯಲ್ಲ ಅಂತ ಬೆರಗಾಗುವ ಮುಂಚೆ ಒಂದು ಮಾತು. ಕನ್ನಡದಲ್ಲಿ ಅಡುಗೆಯವರಿಗೆ ‘ಬಾಣಸಿಗ’ ಅನ್ನೋ ಹಳೆಯ ಪದ ಇದೆ. ಅಡುಗೆಮನೆ ಅನ್ನುವ ಅರ್ಥದ ಸಂಸ್ಕೃತದ ‘ಮಹಾನಸ’ ಕನ್ನಡದಲ್ಲಿ ‘ಬಾಣಸ’ ಆಗಿ, ಅದರಿಂದ ಬಾಣಸಿಗ ಬಂತು. ಅಡುಗೆಯ ವಿದ್ಯೆಗೆ ‘ಪಾಕಶಾಸ್ತ್ರ’, ‘ಸೂಪಶಾಸ್ತ್ರ’. ರುಚಿ ಮೆಚ್ಚಿದರೆ ‘ನಳಪಾಕ’. ವಿರಾಟನ ಅರಮನೆಯಲ್ಲಿ ವಲಲ ಅಂತ ಹೆಸರಿಟ್ಟುಕೊಂಡು ಅಡುಗೆ ಮಾಡಿದ ಭೀಮನ ಕಥೆ ಗೊತ್ತಿಲ್ಲದವರು ಯಾರು?

11ನೇ ಶತಮಾನದಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಭಾಗ ಇದೆ. ಆಮೇಲೆ ಮಂಗರಸ ‘ಸೂಪಶಾಸ್ತ್ರ’ ಅಂತ ಇಡೀ ಕೃತಿಯನ್ನೇ ಅಡುಗೆ ಬಗ್ಗೆ ಪದ್ಯದಲ್ಲಿ ಬರೆದ. ಕನ್ನಡ ಬಯೋಡೇಟಾದಲ್ಲಿ ‘ಹವ್ಯಾಸ: ಅಡುಗೆ’ ಅಂತ ಬರೆದರೆ ಅದಕ್ಕೆ ಸಾವಿರ ವರ್ಷದ ಹಿನ್ನೆಲೆ ಇದೆ.

ಬರೆದಿಟ್ಟುಕೊಳ್ಳಿ

ಹಾಬಿ ಸಾಲಿಗೆ: ಕುಕಿಂಗ್. ಇನ್ನೂ ಚೆನ್ನಾಗಿ ಬರೆಯಬೇಕಾದರೆ ‘ಕುಕಿಂಗ್ ಟ್ರೆಡಿಷನಲ್ ನಾರ್ತ್ ಕರ್ನಾಟಕ ಡಿಶಸ್’. ಬಿಡಿಸಿ ಬರೆದಷ್ಟೂ ನಂಬಿಕೆ ಹೆಚ್ಚು.
ಕೇಕ್, ಬಿಸ್ಕೆಟ್ ಇಷ್ಟವಾದರೆ: ಬೇಕಿಂಗ್.
ನಿಮ್ಮ ಬಗ್ಗೆ ಹೇಳಲು: ಎ ಗುಡ್ ಕುಕ್, ಎ ಹೋಮ್ ಕುಕ್. ಕುಕ್ಕರ್ ಬೇಡ.
ಹೋಟೆಲ್ ಕೆಲಸದ ಅರ್ಜಿಗೆ: ಮಾಡಿದ ಹುದ್ದೆಯ ಹೆಸರು, ಬರುವ ಅಡುಗೆ, ವರ್ಷ.
ತಿನ್ನೋದು ಮಾತ್ರ ಇಷ್ಟವಾದರೆ: ಫುಡಿ. ಸುಳ್ಳು ಹೇಳಬೇಡಿ!
ಸೀಮೆಯ ಅಡುಗೆ ಪದ್ಧತಿಗೆ: ಕ್ವಿಸೀನ್.
‘ಕಲಿನರಿ’ ಬರೆದರೆ: ಮುಂದೆ ಸ್ಕಿಲ್ಸ್ ಅಥವಾ ಆರ್ಟ್ಸ್ ಇರಲಿ.
ಊಟದ ಅಂಗಡಿಗೆ ಮ್ಯಾಪ್‌ನಲ್ಲಿ: ರೆಸ್ಟೋರೆಂಟ್.
ಮದುವೆ ಅಡುಗೆ ವ್ಯಾಪಾರಕ್ಕೆ: ಕೇಟರರ್ಸ್.

ಯಾವ ಪದ ಹಾಕಿದರೂ ಇಂಟರ್‌ವ್ಯೂನಲ್ಲಿ ಮುಂದಿನ ಪ್ರಶ್ನೆ ಒಂದೇ ಇರುತ್ತೆ: ‘ವಾಟ್ ಕ್ಯಾನ್ ಯು ಕುಕ್?’ ಆ ಹೊತ್ತಿಗೆ ನಿಮಗೆ ನಿಜವಾಗಿ ಬರುವ ಎರಡು ಅಡುಗೆಯ ಹೆಸರು, ಅದನ್ನು ಮಾಡುವ ಕ್ರಮ ಸರಳ ಇಂಗ್ಲಿಷ್‌ನಲ್ಲಿ ತಯಾರಿರಲಿ. ಉಪ್ಪಿಟ್ಟೇ ಆದರೂ ಪರವಾಗಿಲ್ಲ.